ಬೀಗದಾಚೆಗಿನ ಭದ್ರತೆ

ದೀಪಾವಳಿಗೆ ಪಾಂಡೇಸರಾದ ಬಣ್ಣದ ಗಿರಣಿಗಳು ವಿರಮಿಸಿದಾಗ ನಾವೂ ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತೇವೆ. ಮನೆ ಬರಿದಾಗಿದೆಯೆಂದು ಕಳ್ಳನಿಗೆ ಸಾರುವುದೂ ಅದೇ ಬೀಗ. ಒಡವೆ ಬ್ಯಾಂಕಿನ ಲಾಕರಿನಲ್ಲಿರುವುದೇ ಲೇಸು. ಆದರೆ 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿಯಾದರೆ ಪರಿಹಾರ 2 ಲಕ್ಷ. ಮಗಳ ಮದುವೆಗೆಂದು ಕೂಡಿಟ್ಟ ಬಂಗಾರಕ್ಕೆ ಅದು ಸಾಲದು. ಲಾಕರಿನೊಳಗಿನ ವಸ್ತುಗಳಿಗೆ ಬ್ಯಾಂಕು ವಿಮೆ ಮಾಡಿಸುವುದೂ ಇಲ್ಲ. ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಮೂಲ ರಕ್ಷಣೆಯಲ್ಲಿ ಬರಿಯ ಕನ್ನಗಳವು ಸೇರಿಲ್ಲ. ಆದುದರಿಂದ ಒಡವೆಗಳ ಪಟ್ಟಿ, ರಶೀದಿ, ಭಾವಚಿತ್ರಗಳನ್ನು ಜೋಪಾನವಾಗಿಟ್ಟು, ಕಳವಿನ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸೋಣ. ನೆರೆಯವರಿಗೆ ತಿಳಿಸಿಯೇ ಹೊರಡೋಣ.