ಸತ್ತ ಉಪಾಧ್ಯಾಯರ ಲೆಕ್ಕ ಬರೆದವರು ಯಾರು?

2020ರ ಮಾರ್ಚ್‌ನಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದವು. ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವು ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರನ್ನು ಮಕ್ಕಳ ವಠಾರಕ್ಕೇ ಕಳಿಸಿತು. ಹೆಗ್ಗಡದೇವನಕೋಟೆಯ ಹಾಡಿಯ ಮಗುವಿಗೆ, ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಕೂಲಿಯವನ ಮಗುವಿಗೆ ಮೊಬೈಲ್ ಪಾಠ ಎಟುಕದ ಮಾತು. ಆದ್ದರಿಂದ ಯೋಜನೆಯ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಆದರೆ ಉಪಾಧ್ಯಾಯರಿಗೆ ಸೋಂಕು ತಗುಲಿತು, ಕೆಲವರು ತೀರಿಕೊಂಡರು. ಕೂಗೆದ್ದ ಮೇಲೆಯೇ, ಅಕ್ಟೋಬರ್ 10ರಂದು, ಅದನ್ನು ನಿಲ್ಲಿಸಿದ್ದು.

ಉತ್ತರ ಪ್ರದೇಶದಲ್ಲಿ 2021ರ ಪಂಚಾಯತಿ ಚುನಾವಣೆಯ ಕೆಲಸಕ್ಕೆ ಹೋಗಿ 1,621 ಮಂದಿ ಶಿಕ್ಷಕರು, ನೌಕರರು ಸತ್ತರೆಂದು ಅಲ್ಲಿನ ಪ್ರಾಥಮಿಕ ಶಿಕ್ಷಕರ ಸಂಘ ಪಟ್ಟಿ ಕೊಟ್ಟಿತು. ಸರ್ಕಾರ ಮೊದಲು ಒಪ್ಪಿದ್ದು ಮೂವರನ್ನು! ಸಂಘ ಬಿಡಲಿಲ್ಲ, ಪರಿಹಾರದ ನಿಯಮವೇ ಬದಲಾಯಿತು. ಪಟ್ಟಿ ಬರೆಯುವ ಸಂಘವಿಲ್ಲದಿದ್ದರೆ ಸತ್ತವರು ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ನಮ್ಮಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 2021ರ ಜೂನ್‌ನಲ್ಲಿ ಘೋಷಣೆಯಾದದ್ದು 5,000 ರೂಪಾಯಿ ಮಾತ್ರ.

ಕೃಷ್ಣರಾಜನಗರದ ಅಕ್ಕಿ ಗಿರಣಿಯ ಹಮಾಲಿಗಾಗಲಿ, ಸಂತೆಯ ಸಣ್ಣ ವರ್ತಕನಿಗಾಗಲಿ ಇದು ಪರರ ಸಂಗತಿಯಲ್ಲ. ಮಕ್ಕಳು ನಮ್ಮವರು. ವಿಮೆ, ಪರಿಹಾರಗಳ ನಿಯಮ ಮುಂದಿನ ಪಿಡುಗಿಗೆ ಮೊದಲೇ ಕಾಗದಕ್ಕೆ ಬರಬೇಕು. ಅದಕ್ಕಾಗಿ ನಾಲ್ಕೂ ತಾಲ್ಲೂಕುಗಳ ಉಪಾಧ್ಯಾಯರೂ ಕಾರ್ಮಿಕರೂ ವರ್ತಕರೂ ಒಂದೇ ಸಭೆಯಲ್ಲಿ ಕೂಡಬೇಕೆಂದು ಒತ್ತಾಯಿಸುತ್ತೇವೆ.