ಒಂದು ಗೋದಲಿ, ಎರಡು ಕಥೆ

ಕ್ರಿಸ್‌ಮಸ್ ಗೋದಲಿಯಲ್ಲಿ ಕುರುಬರು, ಜೋಯಿಸರು ಅಕ್ಕಪಕ್ಕ ನಿಂತಿರ್ತಾರೆ. ಬೈಬಲ್‌ನಲ್ಲಿ ಮಾತ್ರ ಇವರು ಒಟ್ಟಿಗೆ ಬರೋದೇ ಇಲ್ಲ. ನಕ್ಷತ್ರ, ಜೋಯಿಸರು, ಈಜಿಪ್ಟಿಗೆ ಓಡಿಹೋಗೋದು ಮತ್ತಾಯನ ಸುವಾರ್ತೆಯಲ್ಲಿ. ಜನಗಣತಿ, ಗೋದಲಿ, ಕುರುಬರು ಲೂಕನದರಲ್ಲಿ. ಮಾರ್ಕ, ಯೋಹಾನ ಹುಟ್ಟಿನ ಕಥೆಯನ್ನೇ ಹೇಳಲ್ಲ.

ನಿಜವಾದ ತೊಡಕು ಇಸವಿಯದು. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ. ಹೆಚ್ಚಿನ ಇತಿಹಾಸಕಾರರ ಲೆಕ್ಕದಲ್ಲಿ ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ. ಆದರೆ ಲೂಕ ಹೇಳುವ ಕುರೇನ್ಯನ ಜನಗಣತಿ, ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿರುವಂತೆ, ನಡೆದದ್ದು ಕ್ರಿ.ಶ. 6ರಲ್ಲಿ. ಸುಮಾರು ಹತ್ತು ವರ್ಷದ ಅಂತರ! ಇದನ್ನು ಹೊಂದಿಸೋಕೆ ಹಲವರು ಪ್ರಯತ್ನಿಸಿದ್ದಾರೆ. ನಮಗೆ ಯಾವುದೂ ಸಲೀಸಾಗಿ ಕಾಣಲಿಲ್ಲ.

ಹಾಗಂತ 'ಎಲ್ಲಾ ಕಟ್ಟುಕಥೆ' ಅಂದುಬಿಡೋದೂ ಆತುರವೇ. ಇಷ್ಟು ಬೇರೆಯಾದ ಎರಡೂ ಕಥೆಗಳು ಮರಿಯ, ಯೋಸೇಫ, ಬೇತ್ಲೆಹೇಮ್, ನಜರೇತ್ ವಿಷಯದಲ್ಲಿ ಒಪ್ಪುತ್ತವೆ. ಹುಟ್ಟಿದ ಇಸವಿ ತಾಳೆಯಾಗದಿದ್ದರೆ ಆ ವ್ಯಕ್ತಿಯೇ ಇರಲಿಲ್ಲ ಅಂತಾಗಲ್ಲ.

ಎರಡು ರೀಡಿಂಗ್ ಹೊಂದದಿದ್ದರೆ ಎರಡನ್ನೂ ಇದ್ದಂತೆ ಬರೆದಿಡಿ ಅಂತ ಲ್ಯಾಬಲ್ಲಿ ಕಲಿತಿದ್ದೀವಿ. ಇಲ್ಲೂ ಅಷ್ಟೇ ಮಾಡೋಣ. ಆದರೆ ಈ ಪ್ರಶ್ನೆ ಪಕ್ಕದ ರೂಮಿನವರ ನಂಬಿಕೆಯನ್ನು ಅಣಕಿಸೋಕೆ ಮಾತ್ರ ಬಳಕೆಯಾಗೋದು ಬೇಡ. ನಮ್ಮ ನಮ್ಮ ಮನೆಯ ಪುರಾಣಗಳಿಗೂ ಇದೇ ಅಳತೆಗೋಲು ಹಿಡಿಯೋ ಧೈರ್ಯ ಇದ್ದರೆ ಮಾತ್ರ ಚರ್ಚೆಗೆ ಕೂರೋಣ.