ಸಸಿಯೊಡನೆ ಒಂದು ಹಿಡಿ ಮಣ್ಣು

ಕಲಾ ವಿಭಾಗದವನಿಗೆ ಮರದ ಬೇರಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನನಗೆ ಅಧಿಕಾರವಿಲ್ಲ, ಕಾರಣ ಉಂಟು. ನಮ್ಮ ತಂದೆಯವರು ಒಂದು ನರ್ಸರಿಯಲ್ಲಿ ಕೂಲಿಯವರು. ಒಮ್ಮೆ ಹುಣಸೆ ಸಸಿಯ ಚೀಲಗಳಿಗೆ ಮುದಿ ಹುಣಸೆಮರದ ಬುಡದ ಮಣ್ಣನ್ನು ಒಂದು ಮಂಕರಿ ತಂದು ಬೆರೆಸಿದರೆಂದು ಮೇಲಿನವರು ಅವರನ್ನು ಎಲ್ಲರೆದುರಿಗೆ ಗದರಿಸಿದರು. ತಂದೆಯವರಿಗೆ ಅಕ್ಷರ ಬಾರದು. ‘ತಾಯಿ ಬುಡದ ಮಣ್ಣಿದ್ದರೆ ಸಸಿ ಬೇಗ ಕಚ್ಚಿಕೊಳ್ಳುತ್ತೆ ಸ್ವಾಮಿ’ ಎಂದು ಸುಮ್ಮನಾದರು. ಆ ಮಾತಿನ ಹಿಂದೆ ಒಂದು ಶಾಸ್ತ್ರವೇ ಇದೆಯೆಂದು ನನಗೆ ತಿಳಿದದ್ದು ನಮ್ಮ ಕಾಲೇಜಿನ ವಾಚನಾಲಯದಲ್ಲಿ.

ಜರ್ಮನಿಯ ಸಸ್ಯವಿಜ್ಞಾನಿ ಎ. ಬಿ. ಫ್ರಾಂಕ್ ಎಂಬಾತ 1885ರಲ್ಲಿ, ಮರದ ಬೇರೂ ಶಿಲೀಂಧ್ರವೂ ಕೂಡಿ ಬಾಳುವ ಬಗೆಗೆ ‘ಮೈಕೊರೈಜಾ’ ಎಂದು ಹೆಸರಿಟ್ಟನು. ಬೇರು ಹೋಗಲಾರದ ಸಂದುಗಳಿಗೆ ಶಿಲೀಂಧ್ರದ ಎಳೆಗಳು ನುಸುಳಿ ರಂಜಕವನ್ನೂ ನೀರನ್ನೂ ತರುತ್ತವೆ; ಮರವು ತಾನು ಎಲೆಯಲ್ಲಿ ಸಿದ್ಧಪಡಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ನಮ್ಮ ಕೆಂಪುಮಣ್ಣು ರಂಜಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಈ ನಂಟು ನಮಗೆ ಇನ್ನಷ್ಟು ಬೇಕು.

ಪೋರ್ಟೊ ರೀಕೊ ದ್ವೀಪದ ಕಥೆ ಕೇಳಿ. ಅಲ್ಲಿ ಪೈನ್ ಮರ ಬೆಳೆಸಲು ಮತ್ತೆ ಮತ್ತೆ ಯತ್ನಿಸಿದರು. ಸಸಿಗಳು ಹಳದಿಯಾಗಿ ಸತ್ತವು. 1955ರಲ್ಲಿ ಅಮೆರಿಕದ ಪೈನ್ ಕಾಡಿನ ಮಣ್ಣು ತಂದು ಬೇರಿಗೆ ಸೇರಿಸಿದ ಮೇಲೆಯೇ ಅವು ಚೇತರಿಸಿ ಬೆಳೆದದ್ದು. ಕೊರತೆಯಿದ್ದದ್ದು ಕೂಲಿಯವನ ಶ್ರದ್ಧೆಯಲ್ಲಲ್ಲ, ಮಣ್ಣಿನಲ್ಲಿ!

1950ರಿಂದ ವನಮಹೋತ್ಸವ ನಡೆದು ಬಂದಿದೆ. ನೆಟ್ಟ ಸಸಿಯ ಲೆಕ್ಕ ಓದುತ್ತಾರೆ. ಒಣಗಿದರೆ ನೀರು ಹಾಕಿದವನನ್ನು ಹಿಡಿಯುತ್ತಾರೆ. ಒಣಗಿದ್ದಕ್ಕೆಲ್ಲ ಶಿಲೀಂಧ್ರದ ಅಭಾವವೇ ಕಾರಣವೆಂದು ನಾನು ವಾದಿಸಲಾರೆ. ಆಡು ಮೇಯುತ್ತದೆ, ಮಳೆ ಕೈಕೊಡುತ್ತದೆ. ಆದರೆ ಚೀಲದಲ್ಲೇ ಕೊಡಬಹುದಾದ ಸಹಾಯವನ್ನು ಏಕೆ ಕೊಡಬಾರದು?

ಕಾಡಿನ ಮಣ್ಣಿನೊಡನೆ ರೋಗವೂ ಬಂದೀತು, ಮಂಕರಿಗಟ್ಟಲೆ ಹೊತ್ತರೆ ಕಾಡೇ ಬರಿದಾದೀತು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೂ ಉಪಾಯವುಂಟು. ಹುಣಸೆ, ತೇಗಗಳ ಬೇರಿನೊಳಗೆ ಸೇರುವ ಜಾತಿಯ ಶಿಲೀಂಧ್ರವನ್ನು ಕುಂಡಗಳಲ್ಲಿ ಜೋಳದ, ಹುಲ್ಲಿನ ಬೇರುಗಳ ಮೇಲೆಯೇ ಸಾಕಿ ಹೆಚ್ಚಿಸಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಮೊದಲಾದವರು ಈ ಶಿಲೀಂಧ್ರಗಳ ಮೇಲೆ ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ. ಪೈನಿಗೆ, ಮಲೆನಾಡಿನ ಧೂಪಕ್ಕೆ ಬೇಕಾದ ಜಾತಿ ಬೇರೆ; ಬೇರಿನ ಸುತ್ತ ಕವಚ ಕಟ್ಟುವಂಥದು. ರಂಜಕದ ಗೊಬ್ಬರ ಅತಿಯಾದರೆ ಈ ಸ್ನೇಹವೇ ಸಡಿಲವಾಗುತ್ತದಂತೆ. ಇಷ್ಟು ತಿಳಿವಳಿಕೆಯನ್ನು ಪ್ರತಿ ನರ್ಸರಿಗೂ ಒಂದು ಕುಂಡದೊಡನೆ ಮುಟ್ಟಿಸುವುದು ಸರ್ಕಾರಕ್ಕೆ ಭಾರವಾದ ಖರ್ಚೇನೂ ಅಲ್ಲ.

ಈ ವರ್ಷವೂ ತಂದೆಯವರು ಚೀಲಗಳಿಗೆ ಕೆಂಪುಮಣ್ಣು, ಮರಳು, ಗೊಬ್ಬರ ಇಷ್ಟನ್ನೇ ತುಂಬುತ್ತಿದ್ದಾರೆ. ಅಪ್ಪಣೆ ಹಾಗಿದೆ.